ಗೆಳೆಯನಿಗೊಂದು ಪತ್ರ: ಮಗ ಪೂಜೆಗೆ ಬರುವುದಿಲ್ಲ ಅಂದ ಭಾನುವಾರ

ಪ್ರೀತಿಯ ಗೆಳೆಯಾ,

ಪಾಸ್ಖ (ಈಸ್ಟರ್) ಹಬ್ಬದ ಶುಭಾಶಯ. ನಿನಗೂ, ಮನೆಯವರಿಗೂ, ಮಕ್ಕಳಿಬ್ಬರಿಗೂ.

ನೀನು ಬರೆದು ಮೂರು ವಾರವಾಯಿತು. ಓದಿದ ರಾತ್ರಿಯೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲ ಮುಗಿಯಲಿ, ಮಕ್ಕಳ ತರಗತಿಯೂ ಮುಗಿಯಲಿ, ಮನಸ್ಸು ಒಂದು ಕಡೆ ನಿಲ್ಲಲಿ ಅಂತ ಕಾದೆ. ಬೇರೆಯವರಿಗೂ ಓದಲು ಕೊಡು ಅಂತ ನೀನೇ ಹೇಳಿದ್ದರಿಂದ ಮನೆಯವರ ಹೆಸರುಗಳನ್ನೆಲ್ಲ ಬಿಟ್ಟು ಬರೆಯುತ್ತಿದ್ದೇನೆ. ಇದೇ ನೋವಿನಲ್ಲಿರುವ ತಂದೆತಾಯಂದಿರು ಈಗ ಬಹಳ ಜನ ಇದ್ದಾರೆ. ಮಕ್ಕಳು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸಿದ ದಿನದ ಫೋಟೋ ತೋರಿಸಿ ಅತ್ತವರನ್ನೂ ನೋಡಿದ್ದೇನೆ.

ನಿನ್ನ ಪತ್ರದ ಒಂದು ಚಿತ್ರ ನನ್ನನ್ನು ಬಿಡುತ್ತಿಲ್ಲ. ಡಬ್ಲಿನ್ನಿನಲ್ಲಿ ಭಾನುವಾರ ಬೆಳಿಗ್ಗೆ, ಮಳೆ, ಚರ್ಚಿನ ಮುಂದೆ ಕಾರು ನಿಲ್ಲಿಸಿದ್ದೀಯ. ಹದಿನಾರರ ಮಗ ಸೀಟ್ ಬೆಲ್ಟ್ ಬಿಚ್ಚದೆ ಹೇಳುತ್ತಾನೆ: "ಅಪ್ಪಾ, ನನಗೆ ವಿಶ್ವಾಸ ಇಲ್ಲ. ಇಲ್ಲದೆ ಇದ್ರೂ ಒಳಗೆ ಬಂದು ಮಂಡಿಯೂರಿದ್ರೆ ಅದು ಸುಳ್ಳಲ್ವಾ?" ನೀನು ಮಾತಾಡದೆ ಇಳಿದು ಒಳಗೆ ಹೋಗುತ್ತೀಯ. ಪೂಜೆ ಮುಗಿಯುವವರೆಗೂ ಅವನು ಕಾರಿನಲ್ಲೇ ಕೂತಿರುತ್ತಾನೆ. "ಎಳ್ಕೊಂಡು ಹೋಗ್ಬೇಕಾ, ಬಿಟ್ಟುಬಿಡ್ಬೇಕಾ? ಹದಿನಾಲ್ಕು ವರ್ಷದಿಂದ ಧರ್ಮೋಪದೇಶ ಹೇಳ್ಕೊಡ್ತಿದ್ದೀಯ, ನೀನೇ ಹೇಳು" ಅಂತ ಕೇಳಿದ್ದೀಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಗ ಹೇಳಿದ್ದು ಚಿಕ್ಕ ಮಾತಲ್ಲ. ಮಂಡಿಯೂರುವುದಕ್ಕೆ ಒಂದು ಅರ್ಥವಿದೆ, ಅದನ್ನು ಸುಮ್ಮನೆ ಮಾಡಬಾರದು ಅಂತ ಅವನಿಗೆ ಗೊತ್ತಿದೆ. ದೃಢೀಕರಣ ಸಂಸ್ಕಾರಕ್ಕೆ ಮಕ್ಕಳನ್ನು ತಯಾರು ಮಾಡುವ ನನ್ನ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಅವರಲ್ಲಿ ಹೆಚ್ಚಿನವರು ಗಂಟೆ ಹೊಡೆದ ಕೂಡಲೇ ಮಂಡಿಯೂರುತ್ತಾರೆ, ಎಲ್ಲರೂ ಎದ್ದಾಗ ಏಳುತ್ತಾರೆ, ಯಾಕೆ ಅಂತ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ನನಗೆ ನಿದ್ದೆ ಬಾರದಿರುವುದು ಅವರನ್ನು ನೆನೆದು. ನಿನ್ನ ಮಗ ಬಾಗಿಲ ಹತ್ತಿರ ನಿಂತು ಜಗಳವಾಡುತ್ತಿದ್ದಾನೆ, ಅವರು ಬಾಗಿಲು ಇದೆ ಅನ್ನುವುದನ್ನೇ ಮರೆತಿದ್ದಾರೆ.

ನಿಮ್ಮಲ್ಲಿನ ಕಾಲವೂ ನಮ್ಮಲ್ಲಿನ ಕಾಲವೂ ಒಂದೇ ಅಲ್ಲ ಅನ್ನುವುದನ್ನು ನಾನು ತಡವಾಗಿ ಅರಿತೆ. 1970ರ ದಶಕದ ಮೊದಲ ಭಾಗದಲ್ಲಿ ಐರ್ಲೆಂಡಿನ ಕಥೋಲಿಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಪ್ರತಿವಾರ ಪೂಜೆಗೆ ಹೋಗುತ್ತಿದ್ದರು. 2016ರ ಜನಗಣತಿಯಲ್ಲಿ ನಾವು ಕಥೋಲಿಕರು ಅಂದವರು ನೂರಕ್ಕೆ 79, 2022ರಲ್ಲಿ 69. ಯಾವ ಧರ್ಮವೂ ಇಲ್ಲ ಅಂದವರು ನೂರಕ್ಕೆ 14. ಅಲ್ಲಿ ನಿನ್ನ ಮಗನನ್ನು ಗೆಳೆಯರು ಕೇಳುವುದು "ದೇವರೇ ಯಾಕೆ ಬೇಕು?" ಅಂತ.

ಬೆಂಗಳೂರಿನಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಸೆಕ್ಯುಲರ್ ಅಂದರೆ ನಾವು ಜಾತ್ಯತೀತ ಅಂತ ಕನ್ನಡ ಮಾಡಿಕೊಂಡೆವು, ಎಲ್ಲ ದೇವರನ್ನೂ ಗೌರವಿಸುವ ಸರ್ಕಾರ ಅಂತ ಅರ್ಥ ಹಿಡಿದೆವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ತಿಂಗಳಿಗೊಮ್ಮೆ ಧರ್ಮಸ್ಥಳಕ್ಕೆ ಹೋಗುತ್ತಾರೆ, ಕೆಳಗಿನವರು ಐದು ಹೊತ್ತು ನಮಾಜು ಮಾಡುತ್ತಾರೆ, ಸೆಪ್ಟೆಂಬರ್ 8 ಬಂದರೆ ಶಿವಾಜಿನಗರದ ಮಾತೆ ಮರಿಯಮ್ಮನವರ ತೇರು ನೋಡಲು ಎಲ್ಲ ಧರ್ಮದವರೂ ಬರುತ್ತಾರೆ. ಇಲ್ಲಿ ಮಗು ಕೇಳುವುದು "ನಮ್ಮದೇ ಯಾಕೆ?" ಅಂತ. ಇನ್ನೂ ಹೆಚ್ಚಿನ ಮಕ್ಕಳು ಅದನ್ನೂ ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಟ್ಯೂಷನ್ ಇರುತ್ತದೆ, ಕ್ರಿಕೆಟ್ ಕೋಚಿಂಗ್ ಇರುತ್ತದೆ, ಪೂಜೆ ಮಾತ್ರ ಮುಂದಿನ ವಾರಕ್ಕೆ ಹೋಗುತ್ತದೆ. ದೇವರನ್ನು ಯಾರೂ ಅಲ್ಲಗಳೆಯಲಿಲ್ಲ, ಟೈಮ್‌ಟೇಬಲ್‌ನಲ್ಲಿ ಜಾಗ ಸಿಗಲಿಲ್ಲ ಅಷ್ಟೆ.

ನಾಲ್ಕು ವರ್ಷದ ಹಿಂದೆ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಯೇಸುಸ್ವಾಮಿ ಏನು ಹೇಳಿದ್ರು? ಒಳ್ಳೆಯವರಾಗಿರಿ ಅಂತ ತಾನೆ? ನಮ್ಮ ಪಕ್ಕದ್ಮನೆ ಆಂಟಿ ಚರ್ಚಿಗೆ ಬರಲ್ಲ, ಆದ್ರೆ ನಮ್ಮೆಲ್ಲರಿಗಿಂತ ಒಳ್ಳೆಯವರು. ಹಾಗಿದ್ರೆ ಚರ್ಚು ಯಾಕೆ?"

ಉತ್ತರ ನನ್ನ ಬಾಯಲ್ಲೇ ಉಳಿಯಿತು. ತಪ್ಪು ಅವಳದಲ್ಲ. ಹತ್ತು ವರ್ಷ ನಾನೇ ಅವರಿಗೆ ಹಾಗೆ ಕಲಿಸಿದ್ದೆ. ಹಂಚಿಕೊಂಡು ತಿನ್ನಿ, ಸುಳ್ಳು ಹೇಳಬೇಡಿ, ಬಡವರಿಗೆ ಕೊಡಿ. ಕಠಿಣವಾದದ್ದನ್ನೆಲ್ಲ ಸೋಸಿ ಸೋಸಿ ನೀರು ಮಾಡಿದ್ದೆ. ಮಕ್ಕಳಿಗೆ ಭಾರವಾಗಬಾರದು, ಬೇರೆ ಧರ್ಮದ ಗೆಳೆಯರ ಎದುರು ಮುಜುಗರವಾಗಬಾರದು ಅಂತ. ಆ ಹುಡುಗಿ ನಾನು ಕಲಿಸಿದ್ದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡು, ಅದರಿಂದ ಬರಬೇಕಾದ ತೀರ್ಮಾನಕ್ಕೇ ಬಂದಿದ್ದಳು. ಒಳ್ಳೆಯವರಾಗಿರಲು ಮಾತ್ರವಾದರೆ ಚರ್ಚು ಬೇಕಿಲ್ಲ, ನಿಜ.

ಆ ರಾತ್ರಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೇ ಅಧ್ಯಾಯ ತೆಗೆದೆ. ಕ್ರಿಸ್ತರು ಸತ್ತವರೊಳಗಿಂದ ಎದ್ದು ಬಂದಿಲ್ಲವಾದರೆ ನಿಮ್ಮ ವಿಶ್ವಾಸ ವ್ಯರ್ಥ, ನಾವು ಎಲ್ಲರಿಗಿಂತ ದುರದೃಷ್ಟರು ಅನ್ನುತ್ತಾರೆ ಅವರು. ಎಷ್ಟು ಬೆತ್ತಲೆಯಾಗಿ ಪಣಕ್ಕಿಟ್ಟಿದ್ದಾರೆ ನೋಡು! ಇದು ನಡೆದಿದ್ದರೆ ಎಲ್ಲವೂ ಬದಲಾಗಬೇಕು, ನಡೆದಿಲ್ಲವಾದರೆ ಎಲ್ಲರೂ ಮನೆಗೆ ಹೋಗಬಹುದು. ಮಧ್ಯದಲ್ಲಿ ಕೂರಲು ಅವರು ಜಾಗ ಬಿಟ್ಟಿಲ್ಲ. ಮುಂದಿನ ಭಾನುವಾರದಿಂದ ನಾನು ಕೊನೆಯ ಪಾಠವನ್ನು ಮೊದಲಿಗೆ ತಂದೆ. ಖಾಲಿ ಸಮಾಧಿ, ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಶಿಷ್ಯರು, ಗಾಯ ಮುಟ್ಟದೆ ನಂಬಲಾರೆ ಅಂದ ಸಂತ ತೋಮ. ಆಮೇಲೆ ನಮ್ಮ ನಂಬಿಕೆಯ ಸಾರವಾದ ವಿಶ್ವಾಸ ಸಂಗ್ರಹವನ್ನು ಒಂದೊಂದು ವಾಕ್ಯವಾಗಿ, ವಾರಕ್ಕೊಂದರಂತೆ. ಕಷ್ಟ ಅಂತ ಒಬ್ಬರೂ ದೂರಲಿಲ್ಲ. ಗಣಿತಕ್ಕೆ, ಕೋಡಿಂಗಿಗೆ ತಲೆ ಕೊಡುವ ಮಕ್ಕಳಿಗೆ ನಾವು ದೇವರ ವಿಷಯದಲ್ಲಿ ಮಾತ್ರ ಎಳೆಗೂಸಿನ ಗಂಜಿ ಕುಡಿಸುತ್ತೇವೆ. ಅವರು ಉಗಿದರೆ ಅಚ್ಚರಿಪಡುತ್ತೇವೆ.

"ನಮ್ಮದೇ ಯಾಕೆ" ಅನ್ನುವುದಕ್ಕೂ ಆ ಹುಡುಗಿಗೆ ಉತ್ತರ ಕೊಡಬೇಕಿತ್ತು. 1965ರ ಅಕ್ಟೋಬರ್ 28ರಂದು, ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಸಮ್ಮೇಳನ ಬೇರೆ ಧರ್ಮಗಳ ಬಗ್ಗೆ ಹೊರಡಿಸಿದ ಘೋಷಣೆಯನ್ನು ತರಗತಿಯಲ್ಲಿ ಓದಿದೆವು. ಅವುಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತ ಅದರಲ್ಲಿದೆ. ಅದೇ ಉಸಿರಿನಲ್ಲಿ, ಕ್ರಿಸ್ತರೇ ಮಾರ್ಗ, ಸತ್ಯ, ಜೀವ ಅಂತ ಸಾರುವುದನ್ನು ನಿಲ್ಲಿಸುವಂತಿಲ್ಲ ಅಂತಲೂ ಇದೆ. ಪಕ್ಕದ ಮನೆಯ ಆಂಟಿಯ ಒಳ್ಳೆಯತನ ನಿಜ, ಅದನ್ನು ನೋಡಿ ದೇವರಿಗೆ ವಂದನೆ ಹೇಳು, ಅದರಿಂದ ಯೇಸು ಯಾರು ಅನ್ನುವ ಪ್ರಶ್ನೆ ಮುಗಿಯುವುದಿಲ್ಲ ಅಂದೆ. ಅವಳು ಒಪ್ಪಿದಳೋ ಇಲ್ಲವೋ, ಈಗಲೂ ಬರುತ್ತಾಳೆ, ಈಗಲೂ ಕೇಳುತ್ತಾಳೆ.

ವಿಜ್ಞಾನದ ಪ್ರಶ್ನೆ ನಿನ್ನ ಮಗನೂ ಕೇಳಿರಬಹುದು. ಬಿಗ್ ಬ್ಯಾಂಗ್ ಇದ್ದ ಮೇಲೆ ಆದಿಕಾಂಡ ಯಾಕೆ ಅಂತ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದು, 1931ರಲ್ಲಿ ಎಲ್ಲವೂ ಒಂದು ಆದಿ ಪರಮಾಣುವಿನಿಂದ ಹೊರಟಿತು ಅಂದ ಜಾರ್ಜ್ ಲೆಮೆತ್ರ್ ಬೆಲ್ಜಿಯಮ್ಮಿನ ಒಬ್ಬ ಕಥೋಲಿಕ ಗುರುಗಳು ಅಂತ ಮಾತ್ರ ಹೇಳು. ಅದಕ್ಕಿಂತ ನನಗೆ ಇಷ್ಟವಾಗುವ ಸಂಗತಿ ಬೇರೆ. 1951ರಲ್ಲಿ ಜಗದ್ಗುರು (ಪೋಪ್) ಹನ್ನೆರಡನೇ ಪಯಸ್ ಆ ಸಿದ್ಧಾಂತವನ್ನು ಸೃಷ್ಟಿಯ ಮಾತಿಗೆ ಬೆಂಬಲವೆಂಬಂತೆ ಹೊಗಳಿ ಮಾತಾಡಿದಾಗ ಲೆಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ವಿಜ್ಞಾನದ ಊಹೆಯ ಮೇಲೆ ವಿಶ್ವಾಸವನ್ನು ನಿಲ್ಲಿಸಬಾರದು ಅಂತ ಆ ಗುರುಗಳೇ ಎಚ್ಚರ ವಹಿಸಿದರು. ಹದಿನಾರರ ಹುಡುಗನಿಗೆ ಈ ಪ್ರಾಮಾಣಿಕತೆ ಅರ್ಥವಾಗುತ್ತದೆ.

ಆದರೆ ಗೆಳೆಯಾ, ಉತ್ತರಗಳನ್ನೆಲ್ಲ ಕೊಟ್ಟ ಮೇಲೂ ಒಂದು ಉಳಿಯುತ್ತದೆ. ಅದನ್ನು ಹೇಳಬೇಕಾದರೆ ನಮ್ಮೂರಿಗೆ ಹೋಗಬೇಕು.

ನಿನ್ನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಚರ್ಚಿನ ಗಂಟೆ ಬಾರಿಸಿದರೆ ನಿಮ್ಮಮ್ಮ ತ್ರಿಕಾಲ ಪ್ರಾರ್ಥನೆ ಶುರು ಮಾಡುತ್ತಿದ್ದರು, ಗೋಡೆಯಾಚೆಯಿಂದ ನಮ್ಮಮ್ಮನ ದನಿ ಸೇರುತ್ತಿತ್ತು. ಊಟಕ್ಕೆ ಮೊದಲು ಜಪಸರ, ಮಣಿ ಎಣಿಸುತ್ತ ಐದು ರಹಸ್ಯಗಳಾಗಿ ಹೇಳುವ ಮರಿಯಮ್ಮನವರ ಪ್ರಾರ್ಥನೆ. ದೇವರ ಪಟದ ಮುಂದೆ ಚಾಪೆ, ಬುಡ್ಡಿ ದೀಪ, ಮೂರನೇ ರಹಸ್ಯಕ್ಕೆ ನಾವಿಬ್ಬರೂ ತೂಕಡಿಸುವುದು, ಅಜ್ಜಿ ತೊಡೆ ಚಿವುಟುವುದು. ಇದೆಲ್ಲ ನಿನಗೆ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ.

ನಮ್ಮಪ್ಪ ಕುಡಿಯುತ್ತಿದ್ದದ್ದು ಊರಿಗೇ ಗೊತ್ತು. ಕುಡಿದು ಬಂದ ದಿನ ಅವರು ಜಪಸರಕ್ಕೆ ಒಳಗೆ ಬರುತ್ತಿರಲಿಲ್ಲ. ಜಗಲಿಯ ಮೇಲೆ, ಕತ್ತಲಲ್ಲಿ, ತಲೆಯ ಟವೆಲ್ ತೆಗೆದು ಮಡಿಲಲ್ಲಿಟ್ಟು ಕೂರುತ್ತಿದ್ದರು. ಒಳಗೆ ಅಮ್ಮ "ನಮೋ ಮರಿಯ" ಅಂತ ಮೊದಲ ಅರ್ಧ ಹೇಳಿದರೆ ನಾವು ಎರಡನೇ ಅರ್ಧ ಹೇಳುತ್ತಿದ್ದೆವು. ಒಂದು ದಿನ ಮೂತ್ರಕ್ಕೆಂದು ನಡುವೆ ಎದ್ದು ಹೊರಗೆ ಹೋದಾಗ ಕೇಳಿಸಿತು: ಅಪ್ಪನೂ ಎರಡನೇ ಅರ್ಧ ಹೇಳುತ್ತಿದ್ದರು. ದನಿ ಒಳಗಿನವರಿಗೆ ಕೇಳಬಾರದು ಅನ್ನುವ ಹಾಗೆ. ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸು ಅನ್ನುವ ಆ ಮಾತನ್ನು ನಾನು ಆಮೇಲೆ ಯಾವ ಪುಸ್ತಕದಲ್ಲಿ ಓದಿದರೂ ಜಗಲಿಯ ಕತ್ತಲೆ ಕಣ್ಣಮುಂದೆ ಬರುತ್ತದೆ. ಅಪ್ಪ ಕುಡಿತ ಬಿಡಲಿಲ್ಲ. ಸಾಯುವ ಹಿಂದಿನ ದಿನ ಗುರುಗಳನ್ನು ಕರೆಸಿ ಪಾಪನಿವೇದನೆ ಮಾಡಿದರು.

ನಿನ್ನ ಮಗ ಕಾರಿನಲ್ಲಿ ಕೂತದ್ದನ್ನು ಓದಿದಾಗ ನನಗೆ ನೆನಪಾದದ್ದು ಇದು. ಅಮ್ಮ ಒಂದು ದಿನವೂ ಅಪ್ಪನನ್ನು ಒಳಗೆ ಎಳೆಯಲಿಲ್ಲ. ಒಂದು ದಿನವೂ ಜಪಸರ ನಿಲ್ಲಿಸಲೂ ಇಲ್ಲ. ಬಾಗಿಲು ಹಾಕಲೂ ಇಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಜಪಾನಿನ ಕಥೆ ಓದಿದೆ. ಅಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು, ಗುರುಗಳನ್ನು ಓಡಿಸಿದರು, ಕೊಂದರು. ಇನ್ನೂರಕ್ಕೂ ಹೆಚ್ಚು ವರ್ಷ ಪೂಜೆಯಿಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ. 1865ರಲ್ಲಿ ನಾಗಸಾಕಿಯ ಓಉರಾದಲ್ಲಿ ಫ್ರೆಂಚ್ ಗುರು ಪೆತಿಜಾನ್ ಹೊಸ ಚರ್ಚು ತೆರೆದಿದ್ದರು. ಮಾರ್ಚ್ 17ರಂದು, ನಿಮ್ಮೂರಿನ ಸಂತ ಪ್ಯಾಟ್ರಿಕ್ ಹಬ್ಬದ ದಿನವೇ, ಉರಾಕಾಮಿ ಹಳ್ಳಿಯ ಕೆಲವರು ಬಂದು ಬಾಗಿಲಲ್ಲಿ ನಿಂತರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯದಂತೆಯೇ ಇದೆ ಅಂತ ಪಿಸುಗುಟ್ಟಿ, ಸಾಂತ ಮರಿಯಾಳ ಪ್ರತಿಮೆ ಎಲ್ಲಿ ಅಂತ ಕೇಳಿದಳು. ಏಳೆಂಟು ತಲೆಮಾರು ಒಬ್ಬ ಗುರುವನ್ನೂ ಕಾಣದೆ ದಾಟಿಹೋಗಿತ್ತು. ಊರಿನಲ್ಲೇ ಒಬ್ಬ ಹಿರಿಯ ಮಕ್ಕಳ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡುತ್ತಿದ್ದ, ಇನ್ನೊಬ್ಬ ಹಬ್ಬಗಳ ಲೆಕ್ಕ ಇಟ್ಟುಕೊಳ್ಳುತ್ತಿದ್ದ, ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಬಂದಿದ್ದವು. ಹಾಗೆ ಹೊರಬಂದವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸರ್ಕಾರ ಮತ್ತೆ ಗಡೀಪಾರು ಮಾಡಿತು. ಅವರು ವಾಪಸಾದದ್ದು 1873ರಲ್ಲಿ.

ಪೆತಿಜಾನ್ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯವರು. ಅದೇ ಸಂಸ್ಥೆಯ ಗುರುಗಳೇ ನಮ್ಮ ಮೈಸೂರು ಸೀಮೆಯಲ್ಲೂ ದುಡಿದವರು. ಜನ ದೊಡ್ಡಸ್ವಾಮಿ ಅಂತ ಕರೆದ, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದ ಅಬ್ಬೆ ದ್ಯುಬುವಾ ಕೂಡ ಅವರಲ್ಲೊಬ್ಬರು. ಹಾಸನದ ಶೆಟ್ಟಿಹಳ್ಳಿಯ ಚರ್ಚು ಕಟ್ಟಿದವರು ಫ್ರೆಂಚ್ ಮಿಷನರಿಗಳು. ಹೇಮಾವತಿ ಜಲಾಶಯ ಬಂದು ಊರವರು ಎದ್ದು ಹೋದರು, ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಎದ್ದು ನಿಲ್ಲುತ್ತದೆ. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಾರೆ. ಕಳೆದ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಚಾವಣಿಯಿಲ್ಲದ ಕಮಾನುಗಳ ಕೆಳಗೆ ಬಲಿಪೀಠ ಎಲ್ಲಿತ್ತು ಅಂತ ಹುಡುಕಿ ಅಲ್ಲಿ ಮಂಡಿಯೂರಿ ಒಂದು ಪರಲೋಕ ಮಂತ್ರ ಹೇಳಿದೆವು. ಫೋಟೋ ತೆಗೆಯಲು ಬಂದಿದ್ದವರು ಕ್ಯಾಮೆರಾ ಕೆಳಗಿಳಿಸಿ ನಿಂತರು.

ಐರ್ಲೆಂಡಿನಲ್ಲೂ ನಿನ್ನ ಸುತ್ತ ಇಂಥ ಜಾಗಗಳಿವೆ. ಕಥೋಲಿಕರನ್ನು ಹತ್ತಿಕ್ಕಿದ ದಂಡನೆಯ ಕಾನೂನುಗಳ ಕಾಲದಲ್ಲಿ ಗುರುಗಳು ಬಯಲಲ್ಲಿ ಒಂದು ಬಂಡೆಯನ್ನೇ ಬಲಿಪೀಠ ಮಾಡಿಕೊಂಡು ಪೂಜೆ ಅರ್ಪಿಸುತ್ತಿದ್ದರು. ಆ ಬಂಡೆಗಳು ಇಂದಿಗೂ ಇವೆ. ಬೇಸಗೆ ರಜೆಯಲ್ಲಿ ಒಂದನ್ನು ಹುಡುಕಿಕೊಂಡು ಹೋಗಿ. ನೀನು ಏನೂ ವಿವರಿಸಬೇಡ.

ಈಗ ಕಹಿಯಾದದ್ದು. ನಿನ್ನ ಮಗ ಇನ್ನೊಂದು ಮಾತನ್ನೂ ಕೇಳಿದ ಅಂತ ಬರೆದಿದ್ದೀಯ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಗುರುಗಳ ಬಗ್ಗೆ, ಅದನ್ನು ಮುಚ್ಚಿಟ್ಟ ಮೇಲಿನವರ ಬಗ್ಗೆ. ಅವನು ಸುದ್ದಿಯಲ್ಲಿ ಓದಿ ಕಟ್ಟಿದ ಮಾತಲ್ಲ ಅದು. 2009ರ ಮೇನಲ್ಲಿ, ಧರ್ಮಸಭೆಯ ಸಂಸ್ಥೆಗಳು ನಡೆಸುತ್ತಿದ್ದ ಮಕ್ಕಳ ಶಾಲೆಗಳ ಬಗ್ಗೆ ರಯನ್ ವರದಿ, ಅದೇ ನವೆಂಬರಿನಲ್ಲಿ ಡಬ್ಲಿನ್ ಮಹಾಧರ್ಮಕ್ಷೇತ್ರದ ಬಗ್ಗೆ ಮರ್ಫಿ ವರದಿ. ಎರಡೂ ನಿಜ. 2010ರ ಮಾರ್ಚ್ 19ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಐರ್ಲೆಂಡಿನ ಕಥೋಲಿಕರಿಗೆ ಪತ್ರ ಬರೆದು ನಾಚಿಕೆಯನ್ನೂ ಪಶ್ಚಾತ್ತಾಪವನ್ನೂ ಹೇಳಿದರು, 2018ರ ಆಗಸ್ಟಿನಲ್ಲಿ ಜಗದ್ಗುರು ಫ್ರಾನ್ಸಿಸ್ ಫೀನಿಕ್ಸ್ ಪಾರ್ಕಿನಲ್ಲಿ ಪೂಜೆಯ ಆರಂಭದಲ್ಲೇ ಕ್ಷಮೆ ಬೇಡಿದರು. ಅದರಿಂದ ಆ ಮಕ್ಕಳ ಬಾಲ್ಯ ವಾಪಸು ಬರುವುದಿಲ್ಲ.

ಇಲ್ಲಿ ಒಂದು ತಪ್ಪನ್ನು ನಾನು ಮಾಡಿದ್ದೇನೆ, ನೀನು ಮಾಡಬೇಡ. ತರಗತಿಯಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದಾಗ ನಾನು ತಕ್ಷಣ, "ಎಲ್ಲ ಕಡೆಯೂ ಕೆಟ್ಟವರಿರ್ತಾರಪ್ಪ, ಗುರುಗಳು ಪಾಪಿಯಾಗಿದ್ದರೂ ಸಂಸ್ಕಾರ ನಿಜವೇ" ಅಂದುಬಿಟ್ಟೆ. ಎರಡನೇ ಮಾತು ಸುಳ್ಳಲ್ಲ. ಸಂತ ಅಗಸ್ಟೀನರ ಕಾಲದಲ್ಲೇ ಪಾಪಿ ಗುರು ಕೊಟ್ಟ ಸಂಸ್ಕಾರ ಸಲ್ಲದು ಅನ್ನುತ್ತಿದ್ದ ಡೊನಾಟಸ್ ಪಂಥದವರೊಡನೆ ವಾದವಾಗಿ ಧರ್ಮಸಭೆ ಕಂಡುಕೊಂಡ ಸತ್ಯ ಅದು, ನಾನು ಅದನ್ನು ನಂಬುತ್ತೇನೆ. ಆದರೆ ಗಾಯ ತೋರಿಸಿದವನಿಗೆ ನಾನು ಗ್ರಂಥ ತೋರಿಸಿದ್ದೆ. ಆ ಹುಡುಗ ಮತ್ತೆ ಬರಲಿಲ್ಲ. ಎರಡು ಸಲ ಮನೆಗೆ ಹೋಗಿ ಕ್ಷಮೆ ಕೇಳಿದೆ. ತಾಯಿ ಕಾಫಿ ಕೊಟ್ಟರು, ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ನಿನ್ನ ಮಗ ಸಿಟ್ಟಾದರೆ ನೀನೂ ಸಿಟ್ಟಾಗು. ಆ ಮಕ್ಕಳ ಕಡೆ ನಿಲ್ಲುವುದೇ ಯೇಸುಸ್ವಾಮಿಯ ಕಡೆ ನಿಲ್ಲುವುದು. ಚಿಕ್ಕವರನ್ನು ಪಾಪಕ್ಕೆ ದೂಡುವವನ ಕೊರಳಿಗೆ ಬೀಸುಗಲ್ಲು ಕಟ್ಟಿ ಸಮುದ್ರಕ್ಕೆ ಎಸೆಯುವುದು ಲೇಸು ಅಂದವರು ಅವರೇ ಅಲ್ಲವೇ? ವಾದ ಆಮೇಲೆ, ಅವನು ಕೇಳಿದರೆ.

ಪಾಪನಿವೇದನೆ ಬಗ್ಗೆ ನಿನ್ನ ಪತ್ರದಲ್ಲಿ ಒಂದೇ ಸಾಲಿತ್ತು, ನೀನೇ ಹೋಗಿ ಬಹಳ ಕಾಲವಾಯಿತು ಅಂತ. ನಿನಗೆ ಹೇಳಿರಲಿಲ್ಲ, ನಾನೂ ಹನ್ನೊಂದು ವರ್ಷ ಹೋಗಿರಲಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಬಿಟ್ಟೆ. ಕಾರಣ ದೊಡ್ಡದಿರಲಿಲ್ಲ, ಮೊದಲು ನಾಚಿಕೆ, ಆಮೇಲೆ ಅಭ್ಯಾಸ. ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕು ಅನ್ನುವುದು ಗೊತ್ತಿದ್ದೂ. ಒಂದು ತಪಸ್ಸುಕಾಲದಲ್ಲಿ, ಕೆಲಸ ಮುಗಿಸಿ ಬರುವಾಗ ಚರ್ಚಿನ ದೀಪ ಉರಿಯುತ್ತಿತ್ತು, ಸಾಲು ಚಿಕ್ಕದಿತ್ತು, ನಿಂತೆ. ವಯಸ್ಸಾದ ಗುರುಗಳು. ಎಷ್ಟು ದಿನವಾಯಿತು ಅಂದರು. ಹನ್ನೊಂದು ವರ್ಷ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದ್ಯಲ್ಲ, ಕೂತ್ಕೋ" ಅಂದರು. ಪ್ರಾಯಶ್ಚಿತ್ತ ಮೂರು ನಮೋ ಮರಿಯ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ನಿಂತಿದ್ದೆ. ಧರ್ಮೋಪದೇಶ ಕಲಿಸಲು ಬರುತ್ತೇನೆ ಅಂತ ಗುರುಗಳಿಗೆ ಹೇಳಿದ್ದು ಅದರ ಮರುವರ್ಷ. ತರಗತಿಯಲ್ಲಿ ಈ ಕಥೆ ಹೇಳಿದ ದಿನ ಇಪ್ಪತ್ತೆರಡು ಮಕ್ಕಳೂ ಫೋನ್ ಮುಟ್ಟಲಿಲ್ಲ.

ನೀನು ಹೋಗು. ಮಗನಿಗೋಸ್ಕರ ಅಲ್ಲ, ನಿನಗೋಸ್ಕರ. ಅಪ್ಪನೂ ತಲೆತಗ್ಗಿಸಿ ಸಾಲಿನಲ್ಲಿ ನಿಲ್ಲುತ್ತಾನೆ ಅನ್ನುವುದು ಅವನಿಗೆ ತಾನಾಗಿ ತಿಳಿಯುತ್ತದೆ.

ಸಂತರ ಕಥೆ ಏನಾದರೂ ಹೇಳು ಅಂತ ನೀನು ಕೇಳಿದ್ದೆ. ಈಗ ಎಲ್ಲರೂ ಕಾರ್ಲೊ ಅಕುಟಿಸ್ ಬಗ್ಗೆ ಹೇಳುತ್ತಾರೆ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ, ಹದಿನೈದಕ್ಕೇ ತೀರಿಕೊಂಡ, ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ ಹುಡುಗ. ನನಗೂ ಪ್ರೀತಿಯೇ. ಆದರೆ ನಿನ್ನ ಮಗನಿಗೆ ನಾನು ಹೇಳುವುದಾದರೆ ನಿಮ್ಮೂರಿನವನದೇ ಹೇಳುತ್ತೇನೆ.

ಮ್ಯಾಟ್ ಟಾಲ್ಬಟ್. 1856ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಕೂಲಿಯವನು. ಹನ್ನೆರಡನೇ ವಯಸ್ಸಿಗೆ ವೈನ್ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಸೇರಿ ಕುಡಿತ ಕಲಿತ. ಸಂಬಳವೆಲ್ಲ ಅದಕ್ಕೇ. ಒಮ್ಮೆ ಬೀದಿಯಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆಯುವ ಕುರುಡನ ಪಿಟೀಲನ್ನೇ ಕದ್ದು ಮಾರಿ ಕುಡಿದರಂತೆ. 1884ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಆ ವಾರ ಕೆಲಸವಿಲ್ಲದೆ ಕೈ ಖಾಲಿಯಾಗಿ ಹೆಂಡದಂಗಡಿಯ ಹತ್ತಿರ ನಿಂತಿದ್ದರು. ಇವರ ದುಡ್ಡಿನಲ್ಲಿ ಎಷ್ಟೋ ಸಲ ಕುಡಿದಿದ್ದ ಗೆಳೆಯರು ಬಂದರು, ಹೋದರು. ಒಬ್ಬನೂ ಬಾ ಅನ್ನಲಿಲ್ಲ. ಮನೆಗೆ ಹೋಗಿ ತಾಯಿಗೆ ಹೇಳಿ, ಗುರುಗಳನ್ನು ತಯಾರು ಮಾಡುವ ಕ್ಲಾನ್‌ಲಿಫ್ ಕಾಲೇಜಿಗೆ ಹೋಗಿ ಮೂರು ತಿಂಗಳು ಕುಡಿಯುವುದಿಲ್ಲ ಅಂತ ಪ್ರತಿಜ್ಞೆ ತೆಗೆದುಕೊಂಡರು. ಬರೀ ಮೂರು ತಿಂಗಳು! ಆಮೇಲೆ ಇನ್ನಷ್ಟು ಕಾಲ, ಆಮೇಲೆ ಜೀವನಪೂರ್ತ. ಹೆಂಡದಂಗಡಿ ಕರೆಯಬಾರದು ಅಂತ ಜೇಬಿನಲ್ಲಿ ಕಾಸಿಟ್ಟುಕೊಂಡು ಹೊರಗೆ ಹೋಗುವುದನ್ನೇ ಬಿಟ್ಟರು. ದಿನಾ ಬೆಳಗಿನ ಜಾವ ಪೂಜೆ, ಆಮೇಲೆ ಮರದ ಅಡ್ಡೆಯಲ್ಲಿ ಕೂಲಿ. ಸಾಲ ತೀರಿಸಿದರು. ಆ ಪಿಟೀಲಿನವನನ್ನು ವರ್ಷಗಟ್ಟಲೆ ಹುಡುಕಿ, ಸಿಗದೆ ಹೋದಾಗ ಆ ಹಣದಿಂದ ಅವನಿಗಾಗಿ ಪೂಜೆ ಹೇಳಿಸಿದರು. 1925ರ ಜೂನ್ 7, ತ್ರಿತ್ವದ ಭಾನುವಾರ, ಪೂಜೆಗೆ ನಡೆದು ಹೋಗುವಾಗ ಗ್ರ್ಯಾನ್ಬಿ ಲೇನ್ ಅನ್ನುವ ಓಣಿಯಲ್ಲಿ ಕುಸಿದು ಸತ್ತರು. ಯಾರೂ ಗುರುತು ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಮೈಮೇಲೆ ಸರಪಳಿಗಳಿದ್ದವು, ತಪಸ್ಸಿಗಾಗಿ ಕಟ್ಟಿಕೊಂಡವು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಕರೆಯಿತು, ಸಂತ ಪದವಿಯ ದಾರಿಯಲ್ಲಿ ಅದೊಂದು ಹೆಜ್ಜೆ. ಶಾನ್ ಮ್ಯಾಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ಚರ್ಚಿನಲ್ಲಿ ಅವರ ಸಮಾಧಿಯಿದೆ.

ಆ ಸರಪಳಿಗಳ ಬಗ್ಗೆ ಹುಡುಗ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಪಿಟೀಲಿನ ಕಥೆ ಹೇಳು. ಒಳ್ಳೆಯತನಕ್ಕೂ ಪರಿಹಾರಕ್ಕೂ ಇರುವ ವ್ಯತ್ಯಾಸ ಅದರಲ್ಲಿದೆ. ನಾನು ಅಲ್ಲಿಗೆ ಬಂದ ದಿನ ಮೊದಲು ಹೋಗುವುದು ಆ ಸಮಾಧಿಗೆ. ನಮ್ಮಪ್ಪನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಬೇಕು. ನಾನು ಬರುವ ತನಕ ನೀನು ಹಚ್ಚು.

ಈಗ ನಿನ್ನ ಪ್ರಶ್ನೆಗೆ. ಎಳೆದುಕೊಂಡು ಹೋಗಬೇಡ. ಹಾಗಂತ, "ನಿನ್ನಿಷ್ಟ, ದೊಡ್ಡವನಾಗಿದ್ದೀಯ" ಅಂತ ಕೈ ತೊಳೆದುಕೊಳ್ಳಲೂ ಬೇಡ. ಭಾನುವಾರ ಅವನನ್ನು ಕರೆ, ಪ್ರತಿ ವಾರ ಕರೆ, ಬರುವುದಿಲ್ಲ ಅಂದರೆ ಮುಖ ಗಂಟು ಹಾಕದೆ ಹೋಗಿ ಬಾ. ನಂಬಿಕೆಯಿಲ್ಲದೆ ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ ಅನ್ನುವ ಅವನ ನಿಲುವು ಸರಿಯಾದದ್ದೇ, ಅದನ್ನು ಬಾಯಿಬಿಟ್ಟು ಹೇಳು. ಪ್ರಸಾದ ತೆಗೆದುಕೊಳ್ಳದೆಯೂ ಹಿಂದಿನ ಬೆಂಚಿನಲ್ಲಿ ಕೂರಬಹುದು ಅಂತಲೂ ಹೇಳು. ಕೂತವರಿಗೆಲ್ಲ ಪೂರ್ತಿ ವಿಶ್ವಾಸವಿರುತ್ತದೆ ಅಂತ ಅವನು ಅಂದುಕೊಂಡಿರಬಹುದು. ನನ್ನ ಅವಿಶ್ವಾಸದಲ್ಲಿ ನನಗೆ ಸಹಾಯ ಮಾಡಿ ಅಂತ ಯೇಸುಸ್ವಾಮಿಯನ್ನು ಕೂಗಿ ಬೇಡಿದ, ದೆವ್ವ ಹಿಡಿದ ಹುಡುಗನ ತಂದೆ, ಸಂತ ಮಾರ್ಕರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿದ್ದಾನೆ. ಅವನೂ ಒಬ್ಬ ಮಗನಿಗಾಗಿ ಬಂದವನು. ಆ ಭಾಗ ನೀನು ಓದು.

ಶುಭ ಶುಕ್ರವಾರ ಹಾರೋಬೆಲೆಯ ಕಪಾಲ ಬೆಟ್ಟ ಹತ್ತಿದೆ. ಬಿಸಿಲು ತಲೆ ಸೀಳುತ್ತಿತ್ತು. ನಾನು ನಿನಗೆ ಹೇಳಿದ ಆ ಹುಡುಗ, ಗಾಯ ತೋರಿಸಿದವನು, ನಮ್ಮ ಹಿಂದೆ ಒಂದಷ್ಟು ದೂರದಲ್ಲಿ ಬರುತ್ತಿದ್ದ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಅಜ್ಜಿಯ ಚೀಲ, ಅಜ್ಜಿ ಅವನ ಹೆಗಲು ಹಿಡಿದಿದ್ದರು. ಶಿಲುಬೆ ಹಾದಿಯ ಪ್ರಾರ್ಥನೆಗೆ ಅವನು ಬಾಯಿ ಹಾಕಲಿಲ್ಲ. ಪ್ರತಿ ಶಿಲುಬೆಯ ಮುಂದೆ ಅಜ್ಜಿ ಮಂಡಿಯೂರುವಾಗ ಹಿಡಿದು ಕೂರಿಸುತ್ತಿದ್ದ, ಹಿಡಿದು ಎಬ್ಬಿಸುತ್ತಿದ್ದ. ನಾನು ಮಾತಾಡಿಸಲಿಲ್ಲ. ಇಳಿಯುವಾಗ ಅವನೇ, "ಸಾರ್, ನೀರಿದೆಯಾ?" ಅಂದ. ಕೊಟ್ಟೆ.

ಬೆಟ್ಟದಿಂದ ಬರುವಾಗ ಊರಿಗೆ ಹೋಗಿದ್ದೆ. ನಿಮ್ಮಮ್ಮ ಚೆನ್ನಾಗಿದ್ದಾರೆ. ಮಂಡಿ ನೋವು ಹಾಗೇ ಇದೆ, ಕುರ್ಚಿಯಲ್ಲಿ ಕೂತೇ ಜಪಸರ ಹೇಳುತ್ತಾರೆ. ಐದು ರಹಸ್ಯ ಮುಗಿದ ಮೇಲೆ ನಿನ್ನ ಮಗನ ಹೆಸರಲ್ಲಿ ಇನ್ನೊಂದು ಹತ್ತು ಮಣಿ. ಅವನು ಪೂಜೆಗೆ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿಲ್ಲ, ನಾನು ಹೇಳಲಿಲ್ಲ. ಅದು ಅವನು ಹುಟ್ಟಿದ ದಿನದಿಂದ ಹೇಳುತ್ತಿರುವ ಹತ್ತು ಮಣಿ.

ಒಂದು ಕೆಲಸ ಮಾಡು. ಅಮ್ಮ ಜಪಸರ ಶುರು ಮಾಡುವುದು ಸಂಜೆ ಏಳೂವರೆಗೆ. ನಿಮ್ಮಲ್ಲಿ ಗಡಿಯಾರ ಮುಂದೆ ತಿರುಗಿಸಿದ್ದಾರಲ್ಲ, ಈಗ ಅದು ನಿಮಗೆ ಮಧ್ಯಾಹ್ನ ಮೂರು. ಭಾನುವಾರ ಆ ಹೊತ್ತಿಗೆ ವಿಡಿಯೋ ಕಾಲ್ ಮಾಡು. ಪಕ್ಕದ ಮನೆಯ ಹುಡುಗಿಗೆ ಹೇಳಿ ಬಂದಿದ್ದೇನೆ, ಫೋನ್ ಹಿಡಿದುಕೊಳ್ಳುತ್ತಾಳೆ. ಅಮ್ಮ ಮೊದಲ ಅರ್ಧ ಹೇಳುತ್ತಾರೆ, ನೀವು ಎರಡನೇ ಅರ್ಧ ಹೇಳಿ, ಕನ್ನಡದಲ್ಲೇ. ಮಗಳಿಗೆ ಬರದಿದ್ದರೆ ಕೇಳಿ ಕೇಳಿ ಬರುತ್ತದೆ. ಮಗ ತನ್ನ ಕೋಣೆಯಲ್ಲಿದ್ದರೆ ಇರಲಿ, ಕರೆಯಬೇಡ, ಬಾಗಿಲು ಮಾತ್ರ ತೆಗೆದಿಡು. ಅಮ್ಮನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ, ಜೋರಾಗಿ ಹೇಳಬೇಕು.

ನಿನ್ನ ಗೆಳೆಯ